ಬರೀ ಕಡಲೆಯ ಗಂಟು

ಬಾಣಂತನ ಮುಗಿದು ಮೊದಲ ಸಲ ನಾನ್ ರೊಟ್ಟಿಗೆ ಹಿಟ್ಟು ನಾದಲು ಕೂತಿದ್ದೆ. ಪಕ್ಕದ ಮನೆಯ ಸಬ್ಜಗುಲ್ ಖಾಲಾ ಅಂಗಳದಿಂದಲೇ ಕೂಗುತ್ತ ಬಂದರು.

"ಏನಮ್ಮಾ, ಹೆಣ್ಣು ಹುಟ್ಟಿದ್ರೆ ಬಿಡು, ಯಾರೂ ಕೇಳಲ್ಲ. ಗಂಡು ಮಗುಗೂ ಬರೀ ಕಡಲೆನಾ? ನನಗಿರೋ ನಾಲ್ಕು ಹಲ್ಲಿನ ಮೇಲೆ ನಿಂಗೇನೇ ಸಿಟ್ಟು?"

ಮಗ ಹುಟ್ಟಿದ ಖುಷಿಗೆ ನಿನ್ನೆ ನಾವು ಹಂಚಿದ ಬಟ್ಟೆಯ ಗಂಟನ್ನು ಬಿಚ್ಚಿ ತೋರಿಸಿದರು. ಹುರಿಗಡಲೆಯೊಂದೇ ಇತ್ತು, ಜೊತೆಗಿರಬೇಕಾದ ಒಣದ್ರಾಕ್ಷಿ ಇರಲಿಲ್ಲ. ದ್ರಾಕ್ಷಿ ಬೆಳೆಯುವ ನಮ್ಮ ಶೊಮಾಲಿ ಬಯಲಿನಲ್ಲಿ ಚಹಾಕ್ಕೆ ಸಕ್ಕರೆ ಇಲ್ಲದಿದ್ದರೆ ಒಣದ್ರಾಕ್ಷಿ, ನೆಂಟರ ಪಲಾವಿಗೆ ಒಣದ್ರಾಕ್ಷಿ, ದೂರ ಹೊರಟವರ ಜೇಬಿಗೂ ಅದೇ. ಸಿಹಿ ಸುದ್ದಿಗೆ ಅದಿಲ್ಲದ ಗಂಟು ಕೊಟ್ಟರೆ ಮನೆಬಾಗಿಲಿಗೆ ಹೋಗಿ ಬೈದು ಬಂದ ಹಾಗೆ.

ಪಕ್ಕದಲ್ಲಿದ್ದ ಅತ್ತೆಯ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು. "ಗಂಟು ಕಟ್ಟಿದ್ದು ನಿನ್ನ ಮಗಳು. ಎಲ್ಲಾ ನುಂಗಿರ್ತಾಳೆ, ಹೊಟ್ಟೆಬಾಕಿ!"

ನನ್ನ ಮಗಳು ನಿಗಿನಾಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ. ತಮ್ಮ ಬಂದಾಗಿನಿಂದ ತೊಟ್ಟಿಲ ಕಡೆ ನೋಡುವುದಿಲ್ಲ. ನಾನು ಹಾಲು ಕೊಡಲು ಕೂತಾಗಲೇ ಅವಳಿಗೆ ಬಾಯಾರಿಕೆ. ತೊಟ್ಟಿಲು ತೂಗು ಎಂದರೆ, "ಅವನಿಗೆ ಕಾಲಿಲ್ವಾ?" ಎನ್ನುತ್ತಾಳೆ.

ಕೈಯ ಹಿಟ್ಟನ್ನೂ ತೊಳೆಯದೆ ಅವಳನ್ನು ಹುಡುಕಿದೆ. ಹಿತ್ತಲಲ್ಲಿ, ದ್ರಾಕ್ಷಿ ಒಣಗಿಸುವ ಮಣ್ಣಿನ ಮನೆಯೊಳಗೆ ಕೂತಿದ್ದಳು. ಗೊಂಚಲುಗಳನ್ನು ಇಳಿಸಿಯಾಗಿತ್ತು, ಖಾಲಿ ಕೋಲುಗಳ ಕೆಳಗೆ, ಗೋಡೆಯ ಸೀಳುಗಳಿಂದ ಬಂದ ಬೆಳಕಿನಲ್ಲಿ, ಅವಳ ಮಡಿಲ ತುಂಬ ಹಸಿರು ಒಣದ್ರಾಕ್ಷಿ. ಒಂದೊಂದರ ತೊಟ್ಟನ್ನೂ ಕಿತ್ತು, ತನ್ನ ತಲೆವಸ್ತ್ರದಲ್ಲಿ ಕಟ್ಟುತ್ತಿದ್ದಳು.

"ತಿನ್ಲಿಲ್ವಾ ಪುಟ್ಟಾ?"

"ಒಂದೂ ಇಲ್ಲ. ಬಾಯಿ ನೋಡು ಬೇಕಾದ್ರೆ." ಆ ಎಂದು ತೆರೆದಳು.

"ಮತ್ತೆ ಯಾಕೆ ತೆಗೆದಿಟ್ಟೆ?"

"ಇದು ಅವನದಲ್ಲ."

"ಯಾರದು ಹಾಗಾದ್ರೆ?"

ಅವಳು ಗಂಟಿನ ತುದಿಯನ್ನು ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. ಅಷ್ಟರಲ್ಲಿ ಮನೆಯೊಳಗೆ ಮಗು ಅಳತೊಡಗಿತು. ಎದೆಯಲ್ಲಿ ಹಾಲು ಜಿನುಗಿತು. ನಾನು ಹೊರಡುತ್ತೇನೋ ಎಂದು ನಿಗಿನಾ ಕಣ್ಣಂಚಿನಲ್ಲಿ ನೋಡಿದಳು.

ಒಳಗೆ ಅತ್ತೆ ತೊಟ್ಟಿಲು ತೂಗುವ ಸದ್ದು ಕೇಳಿತು. ನಾನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ತೊಡೆಗೆ ಒರಗಿ, ಹಿಟ್ಟು ಮೆತ್ತಿದ ನನ್ನ ಕೈಯಲ್ಲಿ ಆ ಗಂಟನ್ನಿಟ್ಟಳು.

"ಅಮ್ಮಾ, ನಾನು ಹುಟ್ಟಿದಾಗ ಯಾರ್ಯಾರ ಮನೆಗೆ ದ್ರಾಕ್ಷಿ ಹಂಚಿದ್ರಿ?"