ಎಲ್ಲೂ ತಡೆದಿಲ್ಲ

ಲೆನ್ಸಿನ ಮೇಲೊಂದು ಬೆರಳಚ್ಚು, ಎಷ್ಟು ಒರೆಸಿದರೂ ಹೋಗುತ್ತಿಲ್ಲ, ತಿರುಗಿಸಿ ನೋಡಿದರೆ ಒಳಬದಿಯಲ್ಲಿದೆ — ಕನ್ನಡಕದಂಗಡಿಯವನು ಬಟ್ಟೆ ಕೆಳಗಿಟ್ಟ, ಹೆಂಡತಿ ಊಟದ ಡಬ್ಬಿ ಕೊಟ್ಟು ಹೋಗಿ ಆಗಲೇ ಎಷ್ಟೋ ಹೊತ್ತಾಯಿತು, ಅವಳ ಮಾತು ಮಾತ್ರ ಹೋಗಿಲ್ಲ, ಅಲ್ಲಾರೀ, ಅವರಮ್ಮ ತೀರಿಕೊಂಡಿದ್ದಾರೆ, ನೀವು ಚಪ್ಪಾಳೆ ಹಾಕಿದ್ದೀರಲ್ಲ. ಫೋನಿಗೆ ಬಂದ ದನಿಯನ್ನು ಅವಳಿಗೆ ಕೇಳಿಸಿದವನೂ ತಾನೇ, ಹೆಮ್ಮೆಯಿಂದ, ನಮ್ಮ ಬಡಗಿ ಎಷ್ಟು ನೀಟಾಗಿ ಮಾತಾಡಿದ್ದಾನೆ ಕೇಳು ಅಂತ. ನಮ್ಮ ಬಡಗಿಯಂತೆ, ಮುಖ ನೋಡಿಲ್ಲ, ಮನೆ ಗೊತ್ತಿಲ್ಲ, ಹೆಸರು ಕೇಳಿಲ್ಲ, ಫೋನಿನಲ್ಲಿ ಅವನು ಬರೀ ಅ ಬಡಗಿ, ಅ ಬಂದರೆ ಗಂಟಲು ಕಟ್ಟುವ ಬಡಗಿ, ಹಾಗೇ ಕ ಟೀಚರಮ್ಮ, ಪ ಡ್ರೈವರು — ಉಗ್ಗುವವರ ವಾಟ್ಸಾಪ್ ಗುಂಪು ಕಟ್ಟಿದವನು ತಾನು, ತ ಬಂದರೆ ತಾನೂ ನಿಲ್ಲುವವನೇ, ಇಲ್ಲಿ ಯಾರೂ ಬರೆಯಬಾರದು, ದನಿಯಲ್ಲೇ ಕಳಿಸಬೇಕು, ಯಾರ ಮಾತನ್ನೂ ಇನ್ನೊಬ್ಬರು ಪೂರ್ತಿ ಮಾಡಿಕೊಡಬಾರದು, ನಿಯಮಗಳೂ ತನ್ನವೇ, ಇದು ಗುಂಪಲ್ಲ ಮನೆ ಎಂದು ಎಷ್ಟು ಸಲ ಎದೆಯುಬ್ಬಿಸಿ ಹೇಳಿಲ್ಲ, ಮನೆಯಂತೆ ಮನೆ, ದಿನಾ ಬೆಳಿಗ್ಗೆ ಎಲ್ಲರ ದನಿಗೂ ಕಿವಿಗೊಡುತ್ತಾನೆ, ಎಲ್ಲಿ ತಡೆಯಿತು ಎಂದು ಮಾತ್ರ. ನಿನ್ನೆ ಸಂಜೆ ಅಮ್ಮ ತೀರಿಕೊಂಡ್ರು, ಒಂದು ವಾರ ನಾನು ಬರಲ್ಲ, ಬಡಗಿ ಹೇಳಿದ್ದು ಇಷ್ಟೇ, ನೀರು ಹರಿದ ಹಾಗೆ, ವರ್ಷಗಟ್ಟಲೆ ಕಾಡಿದ ಅಮ್ಮ ಎಂಬ ಮಾತೂ ಸಲೀಸಾಗಿ ಬಂದುಬಿಟ್ಟಿತ್ತು — ಶಭಾಷ್, ಎಲ್ಲೂ ತಡೆದಿಲ್ಲ ಎಂದುಕೊಂಡಿದ್ದ. ಮೊದಲು ಹಾಕಿದವನು ತಾನು, ಚಪ್ಪಾಳೆ ತಟ್ಟುವ ಎರಡು ಹಳದಿ ಕೈಯ ಚಿತ್ರ, ಅದರ ಕೆಳಗೆ ಟೀಚರಮ್ಮನ ಹಳದಿ ಕೈ, ಡ್ರೈವರನ ಹಳದಿ ಕೈ, ಹಿರಿಯ ಹಾಕಿದ ಮೇಲೆ ಮಿಕ್ಕವರು ಸುಮ್ಮನಿರುತ್ತಾರೆಯೇ, ಒಂದು ಸಾವಿಗೆ ಇಷ್ಟು ಚಪ್ಪಾಳೆ, ಥೂ. ಥ್ಯಾಂಕ್ಸ್ ಅಣ್ಣ ಎಂದು ಉತ್ತರ ಕಳಿಸಿದ್ದಾನೆ ಪಾಪ, ಅದರಲ್ಲಿ ತಡೆದಿದೆ, ಥ್ಯಾ ಥ್ಯಾ ಎಂದು — ಅಯ್ಯೋ, ಈಗಲೂ ಅದನ್ನೇ ಹುಡುಕುತ್ತಿದೆಯಲ್ಲ ಈ ಹಾಳು ಕಿವಿ.

ಅಳಿಸಿಬಿಡೋಣವೇ, ಎಲ್ಲರೂ ನೋಡಿಯಾಗಿದೆ, ತಪ್ಪಾಯಿತೆಂದು ಬರೆದು ಕಳಿಸೋಣವೇ, ಬರೆಯಬಾರದೆಂದವನು ತಾನೇ, ಬೆರಳು ಬಡಗಿಗೆ ಕರೆ ಒತ್ತಿಯೇ ಬಿಟ್ಟಿತು, ಅತ್ತ ಜನರ ಗುಜುಗುಜು, ಕುರ್ಚಿ ಎಳೆದ ಸದ್ದು, ಹೇಳಿ ಅಣ್ಣ. ತ — ತ — ದವಡೆ ಬಿಗಿಯಿತು, ತಪ್ಪಾಯಿತು ಎನ್ನಲು ಅದೇ ಅಕ್ಷರ ಬೇಕಿತ್ತೇ, ತ — ಯಾರೋ ಬಡಗಿಯನ್ನು ಒಳಗೆ ಕರೆದರು, ತಾಳಿ, ನಮ್ಮವರೊಬ್ಬರು ಮಾತಾಡ್ತಿದ್ದಾರೆ, ಎಂದ ಬಡಗಿ, ಮತ್ತೆ ಅವನ ಉಸಿರು ಫೋನಿಗೆ ಹತ್ತಿರವಾಯಿತು, ಆತುರವಿಲ್ಲ, ಮಾತು ಪೂರ್ತಿ ಮಾಡಿಕೊಡುತ್ತಿಲ್ಲ, ತಾಯಿ ಇಲ್ಲದ ಮನೆಯಲ್ಲಿ ನಿಂತು ತನಗಾಗಿ ಕಾಯುತ್ತಿದ್ದಾನೆ, ತ — ಹಳದಿ ಕೈಗಳು, ಸಾಲಾಗಿ, ತಟ್ಟುತ್ತಲೇ ಇವೆ, ಹಳದಿ ಕೈಗಳು —