ಸಾವಿನ ಸುದ್ದಿ ಹೇಳುವ ಒಸ್ಮೊನಾಲಿ ತಾತ

ಒಸ್ಮೊನಾಲಿ ತಾತ ಓಣಿಯ ತುದಿಯಿಂದಲೇ ಕೆಮ್ಮುತ್ತ ಬರುತ್ತಿದ್ದರು. ಅದು ರೋಗದ ಕೆಮ್ಮಲ್ಲ, ಶಿಷ್ಟಾಚಾರದ ಕೆಮ್ಮು. ತಾನು ಬರುತ್ತಿದ್ದೇನೆಂದು ಮನೆಯವರಿಗೆ ಮೊದಲೇ ತಿಳಿದು, ಅವರು ಕೂದಲು ಸರಿಮಾಡಿಕೊಂಡು, ಮನಸ್ಸನ್ನೂ ಒಂದಿಷ್ಟು ಸರಿಮಾಡಿಕೊಳ್ಳಲಿ ಎಂಬ ಸೌಜನ್ಯ ಅದರಲ್ಲಿತ್ತು. ಏಕೆಂದರೆ ನರಿನ್ ಎಂಬ ಬೆಟ್ಟದೂರಿನ ನಮ್ಮ ಹೊಳೆಬದಿಯ ಓಣಿಯಲ್ಲಿ ಸಾವಿನ ಸುದ್ದಿ ಮುಟ್ಟಿಸುವ ಹೊಣೆ ಅವರದಾಗಿತ್ತು. ನಮ್ಮಲ್ಲಿ ಸಾವನ್ನು ಯಾರೂ ಒಬ್ಬರೇ ಹೋಗಿ ಹೇಳುವುದಿಲ್ಲ, ಫೋನಿನಲ್ಲಂತೂ ಹೇಳುವುದೇ ಇಲ್ಲ. ನಾಲ್ಕಾರು ಹಿರಿಯರು ಕೂಡಿ ಹೋಗಿ, ಕಳೆದುಕೊಂಡವರನ್ನು ಕೂರಿಸಿ, ಎರಡೂ ಪಕ್ಕದಲ್ಲಿ ಭುಜ ಹಿಡಿದು, ಬಳಸು ಮಾತಿನಲ್ಲಿ ನಿಧಾನವಾಗಿ ಹೇಳುತ್ತೇವೆ.

ಇಂಥವರು ಬಾಗಿಲಿಗೆ ಬಂದರೆ ಯಾರ ಎದೆ ಧಸಕ್ಕೆನ್ನುವುದಿಲ್ಲ? ಅದಕ್ಕೂ ಅವರ ಬಳಿ ಉಪಾಯವಿತ್ತು. ಸುದ್ದಿಯಿಲ್ಲದ ದಿನಗಳಲ್ಲೂ ಅವರು ಮನೆಮನೆಗೆ ಹೋಗುತ್ತಿದ್ದರು. ಚಹಾ ಕುಡಿದು, ಕುರಿಯ ರೇಟು ಬೈದು, ಸೊಸೆಯಂದಿರು ಮಾಡಿದ ಹಣ್ಣಿನ ಜಾಮನ್ನು ಹೊಗಳಿ ಎದ್ದುಬರುತ್ತಿದ್ದರು. ಹೀಗೆ ನೂರು ಸಲ ಬರಿಗೈಯಲ್ಲಿ ಬಂದವರು ನೂರೊಂದನೆಯ ಸಲ ಸಾವನ್ನು ಹೊತ್ತು ತಂದರೂ ಬಾಗಿಲು ತೆರೆಯುವವರು ಎಂದಿನಂತೆ ಒಳಗೆ ಕರೆಯುತ್ತಿದ್ದರು. ಜುಲೈ ತಿಂಗಳ ಸೆಕೆಯಲ್ಲೂ ಮೈಮೇಲೆ ಒಂದೇ ಕಂದು ಕೋಟು, ಕತ್ತುಪಟ್ಟಿ ಜಿಡ್ಡುಗಟ್ಟಿದ್ದು. ಮದುವೆಗಾದರೂ ಬೇರೆ ಕೋಟು ಹಾಕಿಕೊಳ್ಳಬಾರದೇ ಎಂದು ನಾನೊಮ್ಮೆ ಛೇಡಿಸಿದ್ದಕ್ಕೆ, "ಮದುವೆಗೊಂದು ಸಾವಿಗೊಂದು ಇಟ್ಕೊಂಡ್ರೆ ಜನ ಕೋಟು ನೋಡೇ ಅಳೋಕೆ ಶುರು ಮಾಡ್ತಾರೆ ಕಣಯ್ಯ" ಎಂದಿದ್ದರು.

"ಆತುರ ಏನಿದೆ?" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಹಾಲು ಉಕ್ಕಿ ಹರಿಯುತ್ತಿದ್ದರೂ, ಕುದುರೆ ಹಗ್ಗ ಹರಿದುಕೊಂಡು ಓಡುತ್ತಿದ್ದರೂ ಅದೇ ಮಾತು. ಅವರ ಹೆಂಡತಿ ಎಲ್ಲರ ಎದುರಿಗೇ, "ನಿಮ್ಮ ಹೆಣ ಎತ್ತೋವಾಗ್ಲೂ ಎದ್ದು ಕೂತು ಆತುರ ಏನಿದೆ ಅಂತೀರ" ಎಂದು ಚುಚ್ಚುತ್ತಿದ್ದಳು. ಆದರೆ ಆ ನಿಧಾನ ಸೋಮಾರಿಯದಲ್ಲ. ಬೆಟ್ಟದಿಂದ ಇಳಿದುಬಂದ ಕುರುಬನೊಬ್ಬನಿಗೆ ಅವನ ತಮ್ಮ ತೀರಿಕೊಂಡದ್ದನ್ನು ಹೇಳಬೇಕಾದಾಗ, ಮೊದಲು ಅವನಿಗೆ ಬಟ್ಟಲು ತುಂಬ ಮಾಂಸದ ಸಾರು ಕುಡಿಸಿ, ಅವನು ಬಾಯಿ ಒರೆಸಿಕೊಳ್ಳುವವರೆಗೂ ಇವರು ಮೇವಿನ ಹುಲ್ಲಿನ ಮಾತನ್ನೇ ಆಡಿದ್ದರು. "ಹಸಿದ ಹೊಟ್ಟೆಗೆ ದುಃಖ ಬಿದ್ರೆ ಅದು ಮನುಷ್ಯನ್ನೇ ತಿನ್ನುತ್ತೆ" ಎಂಬುದು ಅವರ ನಂಬಿಕೆ. ಮನಸ್ಸಿನ ಶಾಸ್ತ್ರವನ್ನು ನಾನು ಪಟ್ಟಣದ ಕಾಲೇಜಿನಲ್ಲಿ ಓದಿದ್ದೇನೆ, ನನ್ನ ಮೇಷ್ಟರುಗಳ ಬಗ್ಗೆ ಗೌರವವೂ ಇದೆ; ಆದರೂ ಆ ಶಾಸ್ತ್ರ ಕಣ್ಣಮುಂದೆ ನಡೆದಾಡಿದ್ದನ್ನು ಕಂಡದ್ದು ಈ ಜಿಡ್ಡು ಕೋಟಿನಲ್ಲಿಯೇ.

ನಮ್ಮ ಪಕ್ಕದ ಮನೆಯ ಬುರ್ಮಕಾನಳ ಸೊಸೆ ಜಿಪಾರ್ ಆಗಿನ್ನೂ ಹಸಿ ಬಾಣಂತಿ. ಘಟ್ಟದಾಚೆ ಕೊಚ್ಕೋರಿನಲ್ಲಿ ಅವಳ ತಂದೆ ಹಠಾತ್ತಾಗಿ ತೀರಿಕೊಂಡರು. ಮರುದಿನ ಮಧ್ಯಾಹ್ನ ಮಣ್ಣು ಎಂದು ನಿಶ್ಚಯವಾಗಿತ್ತು. ನಲವತ್ತು ದಿನ ತುಂಬದೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ಆಘಾತಕ್ಕೆ ಎದೆಹಾಲು ಬತ್ತಿಹೋದರೆ ಮಗುವಿನ ಗತಿಯೇನು ಎಂದು ಹೆದರಿದ ಬುರ್ಮಕಾನ್, ನಲವತ್ತು ತುಂಬುವವರೆಗೆ ಸುದ್ದಿಯನ್ನು ಬಚ್ಚಿಡಲು ಮನೆಯವರಿಂದೆಲ್ಲ ಮಾತು ತೆಗೆದುಕೊಂಡಳು. ಫೋನಿನ ಬೆಳಕು ಮಗುವಿನ ಕಣ್ಣಿಗೆ ಕೆಟ್ಟದ್ದೆಂದು ಹೇಳಿ ಸೊಸೆಯ ಫೋನನ್ನೂ ಕಸಿದಿಟ್ಟಳು. ಅನುಮಾನ ಬಾರದಂತೆ ಎಂದಿನ ಹಾಗೆ ಚಹಾಕ್ಕೆ ಬನ್ನಿ ಎಂದು ತಾತನನ್ನೂ ನನ್ನನ್ನೂ ಕರೆದಳು. ಹೇಳುವುದೇ ಕಸುಬಾಗಿದ್ದವರಿಗೆ ಅಂದು ಮುಚ್ಚಿಡುವ ಕೆಲಸ. ತಾತ ಒಲ್ಲದ ಮನಸ್ಸಿನಿಂದಲೇ ಹೊರಟರು.

ಎಲ್ಲರೂ ನಗುತ್ತಿದ್ದರು. ಅಷ್ಟೊಂದು ನಗುವನ್ನು ನಾನು ಆ ಮನೆಯಲ್ಲಿ ಮದುವೆಯ ದಿನವೂ ಕಂಡಿರಲಿಲ್ಲ. ಜಿಪಾರ್ ಚಹಾದ ನೀರು ಕಾಯುವ ಸಮೋವಾರಿನ ಪಕ್ಕ ಕುಳಿತು, ಅವಳೂ ನಗುತ್ತಲೇ, ತಾತನಿಗೆ ಬಟ್ಟಲು ನೀಡಿದಳು. ಚಹಾ ಅಂಚಿನವರೆಗೆ ತುಂಬಿ ತುಳುಕುತ್ತಿತ್ತು.

ನಮ್ಮಲ್ಲಿ ಸೊಸೆಯಂದಿರು ಬಟ್ಟಲಿಗೆ ಅರ್ಧವೇ ಬಗ್ಗಿಸಿ, ಮತ್ತೆ ಮತ್ತೆ ತುಂಬಿ ಅತಿಥಿಯನ್ನು ಉಳಿಸಿಕೊಳ್ಳುತ್ತಾರೆ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡಿ ಎಂದರ್ಥ. ಎಳವೆಯಿಂದಲೇ ಕೈಗೆ ಪಳಗಿದ ಆ ಲೆಕ್ಕವನ್ನು ಹುಚ್ಚು ಹಿಡಿದವಳೂ ತಪ್ಪುವುದಿಲ್ಲ.

"ಇದೇನೇ ಹುಡುಗಿ, ತಾತನ್ನ ಮನೆಯಿಂದ ಓಡಿಸ್ತೀಯಾ?" ಎಂದು ಬುರ್ಮಕಾನ್ ಇನ್ನಷ್ಟು ಜೋರಾಗಿ ನಕ್ಕಳು.

ತಾತ ನಗಲಿಲ್ಲ. ಎದ್ದು ಹೋಗಿ ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವಳ ಕೈಯಿಂದ ಕೆಟಲನ್ನು ಮೆಲ್ಲಗೆ ತೆಗೆದಿಟ್ಟರು.

"ಯಾವಾಗ ಗೊತ್ತಾಯ್ತು ಮಗಳೇ?"

"ಬೆಳಿಗ್ಗೇನೇ ತಾತ." ಅವಳ ಮುಖದಲ್ಲಿ ನಗು ಹಾಗೆಯೇ ಇತ್ತು. "ಅತ್ತೆ ಫೋನ್ ತಗೊಳ್ಳೋಕೆ ಮುಂಚೆ. ಚಿಕ್ಕಪ್ಪನ ಮಗ ಅಪ್ಪನ ಫೋಟೋ ಹಾಕಿದ್ದ, ಪಕ್ಕದಲ್ಲಿ ಮೇಣದಬತ್ತಿ. ಅತ್ತೆ ಅಷ್ಟು ಕಷ್ಟಪಟ್ಟು ನಗ್ತಾ ಇದ್ರು. ನಾನು ಅತ್ತುಬಿಟ್ರೆ ಅವರ ಕಷ್ಟ ಎಲ್ಲಾ ಮಣ್ಣುಪಾಲಾಗ್ತಿತ್ತು."

ಒಂದು ಮನೆಯಷ್ಟು ಜನ, ಒಬ್ಬಳ ಮೇಲಿನ ಪ್ರೀತಿಯಿಂದಲೇ, ಅವಳನ್ನು ಬೆಳಗಿನಿಂದ ಒಂಟಿ ಮಾಡಿ ಕೂರಿಸಿದ್ದೆವು.

"ಅಳು ಮಗಳೇ. ನಾವಿದ್ದೀವಿ" ಎಂದು ತಾತ ಅವಳ ಭುಜ ಹಿಡಿದರು. ಅವಳು ಬಾಯಿ ತೆರೆದು ಅತ್ತ ದನಿಗೆ ತೊಟ್ಟಿಲ ಮಗುವೂ ಅಳತೊಡಗಿತು. "ಅಪ್ಪನ ಮುಖ ನೋಡಬೇಕು ತಾತ" ಎಂದಳು.

ಬುರ್ಮಕಾನ್ ಸಿಡಿದೆದ್ದಳು. "ಬಾಣಂತೀನ ಹೆಣದ ಮನೆಗೆ ಕಳಿಸ್ತಾರಾ? ಹಾಲು ಬತ್ತಿಹೋದ್ರೆ ನೀವು ಕುಡಿಸ್ತೀರಾ ತಾತ?"

"ಅತ್ರೆ ಹಾಲು ಬತ್ತಲ್ಲ ಕಣಮ್ಮ, ಅಳು ನುಂಗಿದ್ರೆ ಬತ್ತುತ್ತೆ. ನಿನ್ನ ಭಯ ನಂಗೆ ಅರ್ಥ ಆಗುತ್ತೆ. ಮಗೂನ ಸುತ್ಕೊಂಡು ನೀನೂ ಜೊತೇಲಿ ಹೋಗು. ಇವತ್ತು ಇವಳು ಅಪ್ಪನ ಮುಖ ನೋಡದಿದ್ರೆ, ನಾಳೆಯಿಂದ ನಿನ್ನ ಮುಖ ಹೇಗೆ ನೋಡ್ತಾಳೆ?" ಆಮೇಲೆ ಬಾಗಿಲಲ್ಲಿ ನಿಂತಿದ್ದ ಜಿಪಾರಳ ಗಂಡನಿಗೆ, "ಕಾರು ತೆಗಿಯೋ, ಬೇಗ! ಕತ್ತಲಾಗೋದರೊಳಗೆ ಘಟ್ಟ ದಾಟಬೇಕು" ಎಂದರು. ಅವರ ಬಾಯಲ್ಲಿ 'ಬೇಗ' ಎಂಬ ಮಾತನ್ನು ನಾನು ಕೇಳಿದ್ದು ಅಂದೇ.

ಬುರ್ಮಕಾನ್ ಕುರಿತುಪ್ಪಳದ ಹೊದಿಕೆ ತಂದು ಮಗುವನ್ನು ಸುತ್ತುತ್ತ, "ನಮ್ಮ ಬೀಗರು ಎಂಥಾ ಮನುಷ್ಯರು..." ಎನ್ನುವಷ್ಟರಲ್ಲಿ ತಾನೂ ಗೊಳೋ ಎಂದು ಅತ್ತಳು. ಪಾಪ, ಅವಳೂ ಬೆಳಗಿನಿಂದ ತಡೆದುಕೊಂಡಿದ್ದಳು.

ಜಿಪಾರ್ ಕೊಚ್ಕೋರಿನ ತವರಿನ ಅಂಗಳದಲ್ಲಿ ಹೆಣವಿರಿಸಲು ಹಾಕಿದ್ದ ಗುಡಾರದಲ್ಲಿ ತಂದೆಯ ಪಕ್ಕ ಕುಳಿತು, ಮಗಳಾದವಳು ಹಾಡಬೇಕಾದ ಶೋಕಗೀತೆಯನ್ನು ಬೆಳಗಾಗುವವರೆಗೆ ಹಾಡಿದಳು. ಹಾಲು ಬತ್ತಲಿಲ್ಲ. ಎಷ್ಟೋ ತಿಂಗಳ ನಂತರ ಬೇಲಿಯಾಚೆಯಿಂದ ನನಗೆ ಹೇಳಿದಳು: "ಅಪ್ಪ ಹೋದ್ದನ್ನ ಹೇಗೋ ತಡ್ಕೊಂಡೆ ಅಣ್ಣ. ಆ ಬೆಳಿಗ್ಗೆ ನಗ್ತಾ ಕೂತಿದ್ದೆನಲ್ಲ, ಅದನ್ನ ಮಾತ್ರ ಈಗ್ಲೂ ತಡ್ಕೊಳ್ಳೋಕಾಗಲ್ಲ."

ಸುದ್ದಿ ಮುಟ್ಟಿಸಲು ಈಗ ಮನುಷ್ಯರೇ ಬೇಕಾಗಿಲ್ಲ. ಬೆರಳು ತಾಗಿದರೆ ಸಾಕು, ಸಾವು ಅಂಗೈಗೆ ಬಂದು ಬೀಳುತ್ತದೆ. ಆದರೂ ಒಸ್ಮೊನಾಲಿ ತಾತನಂಥವರು ಅಲ್ಲೊಬ್ಬರು ಇಲ್ಲೊಬ್ಬರು ಎಲ್ಲ ಓಣಿಗಳಲ್ಲೂ ಇರುತ್ತಾರೆ, ಇರಬೇಕು. ಅವರಿಂದ ದುಃಖ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ; ಆದರೆ ಅವರು ಬಂದು ಕುಳಿತ ಮನೆಯಲ್ಲಿ ಯಾರೂ ಒಂಟಿಯಾಗಿ ನಗಬೇಕಾಗುವುದಿಲ್ಲ.