ಬಾಣದ ಕೀಲಿ ಒತ್ತಿದರೆ ಸತ್ಯಪ್ಪ

ಇಚಲಕರಂಜಿಯ ಪವರ್‌ಲೂಮ್ ಸದ್ದಿಗೆ ಕೊಲ್ಹಾಪುರದ ಎಮ್ಮೆಗಳು ಹಾಲು ಕೊಡುವುದನ್ನೇ ಮರೆಯುತ್ತವೆ. ಆ ಸದ್ದನ್ನೂ ಸೀಳಿ ಕೇಳಿಸುವ ಗಂಟಲು ಇಡೀ ಜಿಲ್ಲೆಗೆ ಒಂದೇ. ಅದು ಜಿನಪಾಲನದು, ಅಂದರೆ ನನ್ನದು.

ಸತ್ಯಪ್ಪನ ದನಿ ಸೊಳ್ಳೆಯದು. ನಮ್ಮ ಕಾರ್ಖಾನೆಯಲ್ಲಿ ಸೀರೆಯಂಚಿನ ನಕ್ಷೆಗಳನ್ನು ಕಂಪ್ಯೂಟರಿನಿಂದ ಮಗ್ಗಕ್ಕೆ ಕಳಿಸುತ್ತಿದ್ದವನು ಅವನು. ನಾನು ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಿದ್ದೆ. ಏನಾದರೂ ಹೇಳಬೇಕಾದರೆ ಅವನು ಆಜ್ಞೆ ಬರೆಯುವ ಕರಿ ಪರದೆಯಲ್ಲೇ ‘ಚಹಾ?’ ಎಂದು ಬರೆದು ಎಂಟರ್ ಒತ್ತುತ್ತಿದ್ದ. ಇಂಥ ಆಜ್ಞೆಯೇ ಇಲ್ಲವೆಂದು ಕಂಪ್ಯೂಟರ್ ಸಿಡುಕುತ್ತಿತ್ತು. ನಾವು ಎದ್ದು ಹೋಗುತ್ತಿದ್ದೆವು.

ಈಗ ಅವನು ಗಡಹಿಂಗ್ಲಜದ ಗೋಡಂಬಿ ಕಾರ್ಖಾನೆ ಸೇರಿದ್ದಾನೆ. ಅವನ ಕುರ್ಚಿ ನನ್ನದಾಗಿದೆ. ಆಜ್ಞೆಗಳೆಲ್ಲ ಬಾಯಿಪಾಠವೆಂದು ಮಾಲಕ ಬಾಬಾಸಾಹೇಬರಿಗೆ ಹೇಳಿದ್ದೆ. ನಿಜಕ್ಕೂ ನನಗೆ ಬರುತ್ತಿದ್ದುದು ಮೇಲ್ಮುಖ ಬಾಣದ ಕೀಲಿ ಒಂದೇ. ಒತ್ತಿದರೆ ಹಿಂದೆ ಬರೆದದ್ದೆಲ್ಲ ಒಂದೊಂದಾಗಿ ಮರಳುತ್ತದೆ: ನಕ್ಷೆ ಕಳಿಸುವ ಆಜ್ಞೆ, ಅದರ ಹಿಂದೆ ‘ಚಹಾ?’, ಮತ್ತೊಂದು ಆಜ್ಞೆ, ಆಮೇಲೆ ‘ಮಾಲಕ ಬಂದಾರ, ಮಾರಿ ಗಂಭೀರ ಇಡ್ರಿ’. ಆಜ್ಞೆ ಹುಡುಕಲು ಹೋದವನು ಅರ್ಧ ದಿನ ಅವನ ಮಾತು ಓದುತ್ತಾ ಕೂರುತ್ತಿದ್ದೆ.

ಬರಬರುತ್ತ ಅವನ ಮಾತುಗಳು ಕಡಿಮೆಯಾದವು. ಯಾಕೆಂದು ಕಂಪ್ಯೂಟರಿಗೇ ‘ಹೆಲ್ಪ್’ ಎಂದು ಬರೆದು ಕೇಳಿದರೆ ಪಂಚಗಂಗೆಯ ಮಹಾಪೂರದಂತೆ ಉತ್ತರ ಹರಿಯಿತು. ಬೇಕಾದದ್ದು ತಳದಲ್ಲಿತ್ತು: ನೆನಪಿಡುವ ಸಾಲುಗಳಿಗೆ ಮಿತಿಯಿದೆ, ಹೊಸದು ಬಂದರೆ ಹಳೆಯದು ಹೋಗುತ್ತದೆ. ನಾನು ಕಳಿಸಿದ ನಕ್ಷೆಗಳೇ ಸತ್ಯಪ್ಪನನ್ನು ನುಂಗುತ್ತಿದ್ದವು. ಕಾಗದಕ್ಕೆ ಇಳಿಸಿಕೊಳ್ಳಬಹುದಿತ್ತು, ಆದರೆ ಆಗ ಅದು ನನ್ನ ಅಕ್ಷರವಾಗುತ್ತಿತ್ತು.

ಇವತ್ತು ಒಂದೇ ಒಂದು ‘ಚಹಾ?’ ಉಳಿದಿತ್ತು. ನಕ್ಷೆಗಾಗಿ ಒಂದು ಮಗ್ಗ ಕಾಯುತ್ತಿತ್ತು.

“ಜಿನಪಾಲಣ್ಣಾ, ಒಂದ ಬಟನ್ ಒತ್ತಾಕ ಮುಹೂರ್ತ ನೋಡಾಕತ್ತೀರೇನು?” ಎಂದರು ಬಾಬಾಸಾಹೇಬ.

“ಭಾಳ ನಾಜೂಕ ಕೆಲಸ ಐತ್ರಿ, ಮಾಲಕ್ರ.”

ಅವರು ಅತ್ತ ಹೋದಮೇಲೆ ಸತ್ಯಪ್ಪನಿಗೆ ಫೋನ್ ಮಾಡಿದೆ. “ಹಳೇ ಸಾಲು ಹೋಗದಂಗ ಹೆಂಗ ಮಾಡೂದೋ?”

“ಹೆಲ್ಪ್ ಅಂತ ಹೊಡೀರಿ ಅಣ್ಣಾ. ಅದ ಹೇಳತೈತಿ.”

“ಅದು ಹೇಳತೈತಿ ಬಿಡು, ನೀ ಹೇಳು. ಚಹಾ ಆತೇನು?”

ಅವನ ಹಿಂದೆ ಗೋಡಂಬಿ ಒಡೆಯುವ ಯಂತ್ರ, ನನ್ನ ಹಿಂದೆ ಸಾವಿರ ಮಗ್ಗ. ಜಿಲ್ಲೆಯ ಏಕೈಕ ಗಂಟಲು ಹರಿಯುವಷ್ಟು ಕೂಗಿದೆ.

“ಏನೂ ಕೇಳವಲ್ದ್ರಿ. ಬರದ ಕಳಸ್ರಿ,” ಎಂದು ಅವನು ಫೋನ್ ಇಟ್ಟ.

ಮೊಬೈಲಿನಲ್ಲಿ ‘ಚಹಾ?’ ಎಂದು ಬರೆದು ಕಳಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ಎಂಟರ್ ಒತ್ತಿದೆ. ಮಗ್ಗ ಎದ್ದಿತು, ಪರದೆಯ ಚಹಾ ಹೋಯಿತು.

ಉತ್ತರ ಬಂದೇ ಬರುತ್ತದೆ. ಜಿನಪಾಲನಿಗೆ ಉತ್ತರ ಬರೆಯದವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಎರಡು ಕಪ್ ಹೇಳಿ ಕೂತಿದ್ದೇನೆ. ಒಂದಕ್ಕೆ ಕೆನೆ ಕಟ್ಟಿದೆ.